ಬೈಪಾಸ್ ಮುಗಿದ ಮೇಲೆ ಥಿಯೇಟರಿನಲ್ಲೇ ಆಂಜಿಯೋಗ್ರಾಂ ಮಾಡಬೇಕೇ, ರಕ್ತದ ಹರಿವು ಅಳೆಯುವ ಫ್ಲೋ ಮೀಟರ್ ಸಾಲದೇ?

ಕೈ ಪಳಗಿದ ಶಸ್ತ್ರವೈದ್ಯರಿಗೂ ಎದೆ ಮುಚ್ಚುವ ಮುನ್ನ ನಾಳಕ್ಕೆ ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ಚಿತ್ರ (ಆಂಜಿಯೋಗ್ರಾಂ) ತೆಗೆದು ನೋಡುವ ಅಗತ್ಯವಿದೆಯೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನನ್ನ ಹಿರಿಯರೊಬ್ಬರಲ್ಲಿ ನಾನೂ ಇದನ್ನೇ ಕೇಳಿದ್ದೆ, ಅದೂ ‘ಅಗತ್ಯವಿಲ್ಲ’ ಎಂಬ ಉತ್ತರವನ್ನು ಬಯಸಿಯೇ ಕೇಳಿದ್ದೆ.

ಅದಾದ ಕೆಲವೇ ತಿಂಗಳಲ್ಲಿ 61 ವರ್ಷದ ರೋಗಿಯೊಬ್ಬರಿಗೆ ಮೂರು ಗ್ರಾಫ್ಟ್, ಅಂದರೆ ರಕ್ತಕ್ಕೆ ಬದಲಿ ದಾರಿಯಾಗುವ ನಾಳಗಳನ್ನು, ಹಾಕಿದೆ. ಕಾಲಿನಿಂದ ತೆಗೆದ ಎರಡು ಅಭಿಧಮನಿಗಳು ಚೆನ್ನಾಗಿ ಹರಿಯುತ್ತಿದ್ದವು. ಎದೆಗೋಡೆಯ ಒಳಗಿನ ಎಡ ಮ್ಯಾಮರಿ ಅಪಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ಅಪಧಮನಿಯಾದ ಎಲ್‌ಎಡಿಗೆ ಜೋಡಿಸಿ ಫ್ಲೋ ಮೀಟರಿನ ಪ್ರೋಬ್ ಇಟ್ಟಾಗ ಮಾತ್ರ ನಿಮಿಷಕ್ಕೆ 14 ಮಿಲಿಲೀಟರ್ ಹರಿವು, ಹರಿವಿನ ಏರಿಳಿತವನ್ನು ಸರಾಸರಿ ಹರಿವಿಗೆ ಹೋಲಿಸುವ ಪಲ್ಸಟಿಲಿಟಿ ಇಂಡೆಕ್ಸ್ 6.1 ಎಂದು ತೋರಿಸಿತು. ಹರಿವು 20ಕ್ಕಿಂತ ಕಡಿಮೆಯಿದ್ದು ಇಂಡೆಕ್ಸ್ 5ನ್ನು ದಾಟಿದರೆ ಹೊಲಿಗೆಯನ್ನು ಅನುಮಾನಿಸಬೇಕೆಂದು ನನಗೆ ಗೊತ್ತಿತ್ತು. ಆದರೂ ಅಪಧಮನಿ ಸೆಟೆದುಕೊಂಡಿರಬೇಕೆಂದು ಭಾವಿಸಿ, ನಾಳವನ್ನು ಸಡಿಲಿಸುವ ಪಾಪಾವರಿನ್ ಔಷಧಿಯನ್ನು ಅದರ ಮೇಲೆ ಹಾಕಿ ಐದು ನಿಮಿಷ ಕಾದೆ. ಎರಡನೆಯ ಅಳತೆಯಲ್ಲಿ 23 ಬಂತು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಹೆಪಾರಿನ್‌ನ ಪರಿಣಾಮವನ್ನು ಅಳಿಸುವ ಪ್ರೋಟಮಿನ್ ಕೊಡಲು ಹೇಳಿ ಎದೆ ಮುಚ್ಚಿದೆ.

ಆ 23 ಎಲ್ಲಿಂದ ಬಂತೆಂಬುದನ್ನು ನಾನು ಬಿಡಿಸಿ ಹೇಳಲೇಬೇಕು. ಮೊದಲ ಅಳತೆಯ ಹೊತ್ತಿಗೆ ಸರಾಸರಿ ರಕ್ತದೊತ್ತಡ 58 ಇತ್ತು. ನಡುವೆ ಅರಿವಳಿಕೆ ತಜ್ಞರು ನಾರ್‌ಅಡ್ರಿನಲಿನ್ ಏರಿಸಿದ್ದರಿಂದ ಎರಡನೆಯ ಬಾರಿಗೆ ಅದು 84ಕ್ಕೆ ಏರಿತ್ತು. ಒತ್ತಡ ಹೆಚ್ಚಿದರೆ ಕಿರಿದಾದ ಬಾಯಿಯ ಮೂಲಕವೂ ಹೆಚ್ಚು ರಕ್ತ ನುಗ್ಗುತ್ತದೆ; ಸರಳ ಗುಣಾಕಾರ ಮಾಡಿದ್ದರೂ ಒತ್ತಡವೊಂದರಿಂದಲೇ 14 ಇದ್ದದ್ದು 20ಕ್ಕೆ ಬರುತ್ತದೆಂದು ತಿಳಿಯುತ್ತಿತ್ತು. ಇಂಡೆಕ್ಸ್ ಇನ್ನೂ 5.6ರಲ್ಲೇ ಇತ್ತು. ಅಲೆಯ ಆಕಾರವನ್ನೂ ನಾನು ನೋಡಲಿಲ್ಲ. ಎಲ್‌ಎಡಿಗೆ ಹೋಗುವ ರಕ್ತದ ಬಹುಪಾಲು ಹೃದಯ ಹಿಗ್ಗುವಾಗ ಹರಿಯಬೇಕು. ಪರದೆಯ ಮೇಲೆ ಹೃದಯ ಸಂಕುಚಿಸುವಾಗ ಚೂಪಾದ ಮೊನೆಗಳು ಎದ್ದು, ಹಿಗ್ಗುವ ಹೊತ್ತಿನಲ್ಲಿ ಗೆರೆ ಬಹುತೇಕ ನೆಲಕ್ಕೆ ಅಂಟಿಕೊಂಡಿತ್ತು. ಜೋಡಣೆಗಿಂತ ಮೇಲೆ ಎಲ್‌ಎಡಿಯನ್ನು ಅರೆ ನಿಮಿಷ ಬಿಗಿದು, ಮೂಲ ನಾಳದಲ್ಲೇ ಹರಿದು ಬರುವ ರಕ್ತದ ಪೈಪೋಟಿಯಿಂದ ಹರಿವು ತಗ್ಗಿದೆಯೇ ಎಂದು ಪರೀಕ್ಷಿಸುವುದನ್ನೂ ಮಾಡಲಿಲ್ಲ. ನನಗೆ ಬೇಕಿದ್ದ ಸಂಖ್ಯೆ ಸಿಕ್ಕಿತ್ತು, ಅಲ್ಲಿಗೆ ನಿಲ್ಲಿಸಿದೆ.

ನಾಲ್ಕು ಗಂಟೆಗಳ ನಂತರ ಐಸಿಯುನಲ್ಲಿ ಇಸಿಜಿ ಬದಲಾಯಿತು. ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ನೋಡಿದಾಗ ಜೋಡಣೆಯ ತುದಿಯಲ್ಲಿ ಬಣ್ಣದ ದ್ರವ ಕೂದಲೆಳೆಯಷ್ಟು ತೆಳ್ಳಗೆ ಇಳಿಯುತ್ತಿತ್ತು. ನನ್ನ ಒಂದು ಹೊಲಿಗೆ ಎದುರು ಗೋಡೆಯನ್ನೂ ಹಿಡಿದುಕೊಂಡಿತ್ತು. ಅದೇ ರಾತ್ರಿ ಎದೆ ತೆರೆದು ಮತ್ತೆ ಹೊಲಿದೆ. ಅವರು ಬದುಕಿದರು, ಆದರೆ ಶೇಕಡಾ 55ರಷ್ಟಿದ್ದ ಇಜೆಕ್ಷನ್ ಫ್ರಾಕ್ಷನ್ (ಹೃದಯ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದಲ್ಲಿ ಹೊರದೂಡುವ ಪಾಲು) 35ಕ್ಕೆ ಇಳಿಯಿತು.

ಆದ್ದರಿಂದ ಪಳಗಿದ ಕೈಗೆ ಇದು ಬೇಡವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ಥಿಯೇಟರಿನಲ್ಲೇ 366 ರೋಗಿಗಳ ಆಂಜಿಯೋಗ್ರಾಂ ಮಾಡಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇಕಡಾ 12ರಷ್ಟು ಗ್ರಾಫ್ಟ್‌ಗಳಲ್ಲಿ ಗಮನಾರ್ಹ ದೋಷಗಳು ಕಂಡಿದ್ದವು. ಹಾಗೆಯೇ, ಮೀಟರೋ ಚಿತ್ರವೋ ಎಂದು ಎರಡನ್ನು ಎದುರುಬದುರು ನಿಲ್ಲಿಸಿ ನೀವು ಕೇಳಿರುವುದೂ ಸರಿಯಲ್ಲ. ಎಷ್ಟು ಹರಿಯುತ್ತಿದೆ ಎಂಬುದನ್ನು ಮೀಟರ್ ಹೇಳುತ್ತದೆ, ಏಕೆ ಹರಿಯುತ್ತಿಲ್ಲ ಎಂಬುದನ್ನು ಚಿತ್ರ ಹೇಳುತ್ತದೆ. ಪ್ರತಿ ಗ್ರಾಫ್ಟಿಗೂ ಮೀಟರ್ ಇಡಿ, ಪಕ್ಕದಲ್ಲೇ ರಕ್ತದೊತ್ತಡವನ್ನು ಬರೆದುಕೊಳ್ಳಿ; ಅನುಮಾನ ಬಂದ ಗ್ರಾಫ್ಟಿನ ಚಿತ್ರ ತೆಗೆಯಿರಿ. ಎಲ್ಲರಿಗೂ ಆಂಜಿಯೋಗ್ರಾಂ ಮಾಡುವುದನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಆಗತಾನೇ ಹೊಲಿದ ನಾಳದ ತಾತ್ಕಾಲಿಕ ಸೆಟೆತವೂ ಅದರಲ್ಲಿ ದೋಷದಂತೆ ಕಂಡು, ಬಿಚ್ಚಬೇಕಿಲ್ಲದ ಹೊಲಿಗೆಯನ್ನು ಬಿಚ್ಚಿಸಬಹುದು. ರಕ್ತಕ್ಕೆ ಹೊಳೆಯುವ ಬಣ್ಣ ಸೇರಿಸಿ ಹರಿವನ್ನು ತೋರಿಸುವ ಇಂಡೋಸಯನಿನ್ ಗ್ರೀನ್ ಕ್ಯಾಮೆರಾ ಅಂದು ನನ್ನ ಥಿಯೇಟರಿನ ಮೂಲೆಯಲ್ಲೇ ಇತ್ತು. ಅದರಲ್ಲಿ ನಾಳ ಬೆಳ್ಳಗೆ ತುಂಬುವುದು ಕಾಣುತ್ತದೆಯೇ ಹೊರತು ಬಾಯಿ ಎಷ್ಟು ಕಿರಿದಾಗಿದೆ ಎಂಬುದು ಖಚಿತವಾಗುವುದಿಲ್ಲ. ಕೊಬ್ಬಿನ ಆಳದಲ್ಲಿರುವ ನಾಳವಂತೂ ಕಾಣುವುದೇ ಇಲ್ಲ.

ಆಂಜಿಯೋಗ್ರಾಂನ ಬಣ್ಣದ ದ್ರವ ಕಿಡ್ನಿಗೆ ಹಾನಿ ಮಾಡಬಹುದಾದ್ದರಿಂದ, ಕಿಡ್ನಿ ದುರ್ಬಲವಾಗಿರುವವರ ಬಗ್ಗೆಯೂ ಕೇಳಿದ್ದೀರಿ. ಅಂಥವರಲ್ಲಿ ನಾನು ಹೃದಯದ ಮೇಲೆಯೇ ಇಡುವ ಸಣ್ಣ ಅಲ್ಟ್ರಾಸೌಂಡ್ ಪ್ರೋಬನ್ನು ಜೋಡಣೆಯ ಹಿಮ್ಮಡಿಯಿಂದ ತುದಿಯವರೆಗೆ ಜೆಲ್ ಹಾಕಿ ನಿಧಾನವಾಗಿ ಸರಿಸುತ್ತೇನೆ. ಬಣ್ಣದ ದ್ರವ ಬೇಕಿಲ್ಲ, ಎದುರು ಗೋಡೆ ಹೊಲಿಗೆಗೆ ಸಿಕ್ಕಿದ್ದರೆ ನೇರವಾಗಿ ಕಾಣುತ್ತದೆ. ಅದು ಮುಗಿಯುವವರೆಗೆ ಪ್ರೋಟಮಿನ್ ಕೊಡಬೇಡಿರೆಂದು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿಡುತ್ತೇನೆ.