ಮನೆಲೆಕ್ಕ: ಎಲ್ಲಿ ಸಹಿ ಮಾಡಬೇಕು?

ಪ್ರಶ್ನೆ: ಮದುವೆಯಾಗಿ ಹನ್ನೊಂದು ವರ್ಷ. ಗಂಡ, ಹೆಂಡತಿ ಇಬ್ಬರೂ ದುಡಿಯುತ್ತೇವೆ. ಮನೆ ಕೊಳ್ಳಲೆಂದು ಸಾಲ ಕೇಳಲು ಹೋದಾಗ ಒಂದು ಸಂಗತಿ ಹೊರಬಿತ್ತು. ಎರಡು ವರ್ಷದ ಹಿಂದೆ ನನ್ನ ಗಂಡ ಮೈದುನನ ಸಾಲಕ್ಕೆ ಜಾಮೀನು ಹಾಕಿದ್ದಾರೆ, ಮೈದುನ ಮೂರು ಕಂತು ಕಟ್ಟಿಲ್ಲ. ಕೇಳಿದರೆ, "ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ" ಎಂದರು. ಅಂದಿನಿಂದ ನಾನು ಬೇರೆ ಖಾತೆ ತೆರೆದು ಸಂಬಳದ ಒಂದು ಪಾಲನ್ನು ಅಲ್ಲಿಗೆ ಹಾಕುತ್ತಿದ್ದೇನೆ. ಅವರಿಗೆ ಹೇಳಿಲ್ಲ. ನನ್ನದು ತಪ್ಪೇ?
– ಹೆಸರು ಬೇಡ

ಉತ್ತರ: ಬ್ಯಾಂಕಿನ ಸಾಲ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕುಳಿತವಳು ನಾನು. ಬಾಗಿಲಲ್ಲಿ ಕಂಡಾಗಲೇ ಇವರು ಜಾಮೀನುದಾರರು ಎಂದು ಹೇಳಿಬಿಡುತ್ತಿದ್ದೆ. ಸಾಲ ಪಡೆಯುವವರು ಕುರ್ಚಿಯ ತುದಿಯಲ್ಲಿ ಕುಳಿತಿರುತ್ತಾರೆ. ಜಾಮೀನಿಗೆ ಬಂದವರು ಹಿಂದೆ ನಿಂತು ಗೋಡೆ ಗಡಿಯಾರ ನೋಡುತ್ತಿರುತ್ತಾರೆ. ಕಾಗದ ಮುಂದಿಟ್ಟರೆ ಎಲ್ಲರದೂ ಒಂದೇ ಮಾತು: "ಎಲ್ಲಿ ಸಹಿ ಮಾಡಬೇಕು?" ಎಷ್ಟಕ್ಕೆ, ಎಷ್ಟು ವರ್ಷಕ್ಕೆ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಒಬ್ಬ ಹಿರಿಯರು ಓದಲೆಂದು ಕನ್ನಡಕ ಹೊರತೆಗೆದರು, ಪಕ್ಕದಲ್ಲಿದ್ದ ಅಳಿಯನ ಮುಖ ನೋಡಿದರು, ಕನ್ನಡಕವನ್ನು ಮತ್ತೆ ಜೇಬಿಗೆ ಸೇರಿಸಿ ಹಾಗೆಯೇ ಸಹಿ ಹಾಕಿದರು. ನಿಮ್ಮ ಯಜಮಾನರೂ ತಮ್ಮನೆದುರು ಓದುತ್ತಾ ಕೂರುವುದಕ್ಕೆ ಸಂಕೋಚಪಟ್ಟಿರುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ಎರಡು ವರ್ಷ ನಿಮ್ಮಿಂದ ಮುಚ್ಚಿಟ್ಟದ್ದು ಮಾತ್ರ ಅರ್ಥವಾಗುವುದಿಲ್ಲ. ನೀವು ಬೇಡ ಅನ್ನುತ್ತೀರಿ ಎಂದು ಅವರಿಗೆ ಮೊದಲೇ ಗೊತ್ತಿತ್ತು ಎಂದರೆ, ಬೇಡ ಅನ್ನುವುದಕ್ಕೆ ಕಾರಣವಿದೆ ಎಂಬುದೂ ಗೊತ್ತಿತ್ತು.

ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕಾಗದ ನೋಡಿ. ಜಾಮೀನು ಪತ್ರದ ಪ್ರತಿಯನ್ನು ನಿಮ್ಮ ಗಂಡನೇ ಹೋಗಿ ಕೇಳಿ ತರಲಿ. ಜಾಮೀನು ಆ ಒಂದು ಸಾಲಕ್ಕೆ ಮಾತ್ರವೇ, ಅಥವಾ ಮೈದುನ ಮುಂದೆ ಎತ್ತುವ ಸಾಲಗಳಿಗೂ ಅನ್ವಯಿಸುವ ಮುಂದುವರಿಯುವ ಜಾಮೀನೇ ಎಂಬುದನ್ನು ಬೆರಳಿಟ್ಟು ಓದಿ. ಎರಡನೆಯದಾಗಿದ್ದರೆ, ಇನ್ನು ಮುಂದಿನ ಸಾಲಗಳಿಗೆ ತಾನು ಹೊಣೆಯಲ್ಲ ಎಂದು ಲಿಖಿತವಾಗಿ ತಿಳಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ; ಅದನ್ನು ಈ ವಾರವೇ ಮಾಡಿಸಿ. ಈಗಾಗಲೇ ಕೊಟ್ಟಿರುವ ಸಾಲದಿಂದ ಮಾತ್ರ "ನನಗೆ ಬೇಡ" ಎಂದು ಎದ್ದು ಬರಲು ಆಗುವುದಿಲ್ಲ. ಬೇರೆ ಜಾಮೀನುದಾರರನ್ನೋ ಅಡಮಾನವನ್ನೋ ಮೈದುನ ಒದಗಿಸಿ, ಅದಕ್ಕೆ ಸಾಲ ಕೊಟ್ಟವರು ಒಪ್ಪಬೇಕು. ಇನ್ನೊಂದು ಮಾತು. ಜಾಮೀನುದಾರನ ಸರದಿ ಕೊನೆಗೆ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಷ್ಟೋ ಕಡೆ ಹಾಗಿಲ್ಲ. ಕಂತು ತಪ್ಪಿದರೆ ಸಾಲಗಾರನ ಬೆನ್ನು ಬಿಟ್ಟು ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಹುದು. ಸಂಬಳ ನೆಟ್ಟಗೆ ಬರುವವರ ಬಾಗಿಲನ್ನೇ ಮೊದಲು ತಟ್ಟುತ್ತಾರೆ, ನಾವೂ ಹಾಗೆಯೇ ಮಾಡುತ್ತಿದ್ದೆವು.

ಮೂರು ಕಂತನ್ನು ನೀವೇ ತುಂಬಬೇಕಾಗಿ ಬಂದರೆ ಹಣವನ್ನು ಮೈದುನನ ಕೈಗೆ ಕೊಡಬೇಡಿ. ಸಾಲದ ಖಾತೆಗೇ ಕಟ್ಟಿ ರಸೀದಿ ತೆಗೆದಿಡಿ. ಕಟ್ಟಿದ್ದನ್ನು ಅವರಿಂದ ವಸೂಲು ಮಾಡುವ ಹಕ್ಕು ಜಾಮೀನುದಾರನಿಗೆ ಇರುತ್ತದೆ, ಆದರೆ ರಸೀದಿ ಇಲ್ಲದ ಹಕ್ಕು ಬಾಯಿಮಾತಿನ ಹಕ್ಕು. ಮೈದುನನ ಜೊತೆ ಮಾತನಾಡುವುದು ನಿಮ್ಮ ಗಂಡನ ಕೆಲಸ. ನೀವು ಬಾಯಿ ತೆರೆದರೆ ಸಾಲದ ಮಾತು ಹೋಗಿ "ಅತ್ತಿಗೆ ಹೀಗೆ ಅಂದರು" ಎಂಬುದೊಂದೇ ಉಳಿಯುತ್ತದೆ.

ಇನ್ನು ನಿಮ್ಮ ಖಾತೆ. ಬೇರೆ ಖಾತೆ ತಪ್ಪಲ್ಲ, ದುಡಿಯುವ ಪ್ರತಿಯೊಬ್ಬರಿಗೂ ಒಂದು ಇರಲೇಬೇಕು ಎನ್ನುವವಳು ನಾನು. ಆದರೆ ಅವರು ಸಹಿ ಮುಚ್ಚಿಟ್ಟರು, ನೀವು ಪಾಸ್‌ಬುಕ್ ಮುಚ್ಚಿಟ್ಟಿದ್ದೀರಿ. ನಿಮ್ಮ ಪಾಸ್‌ಬುಕ್ಕನ್ನೂ ಅವರ ಜಾಮೀನು ಪತ್ರವನ್ನೂ ಒಂದೇ ಮೇಜಿನ ಮೇಲಿಟ್ಟು ಮಾತಿಗೆ ಕುಳಿತುಕೊಳ್ಳಿ. ಮನೆಖರ್ಚಿಗೆ ಒಂದು ಜಂಟಿ ಖಾತೆ ಮಾಡಿ, ಅದಕ್ಕೆ ಸಂಬಳದ ಅಳತೆಯಲ್ಲಿ ಹಾಕಿ. ಮನೆಗೆ ಬರುವ ನೂರರಲ್ಲಿ ಅವರದು 60, ನಿಮ್ಮದು 40 ಆಗಿದ್ದರೆ ಖರ್ಚಿನ ಹೊರೆಯೂ ಅದೇ ಲೆಕ್ಕ. ಸಮಪಾಲು ಎಂದು ಅರ್ಧರ್ಧ ಹಾಕಿಸುವ ಮನೆಗಳನ್ನು ಕಂಡಿದ್ದೇನೆ. ಅಲ್ಲಿ ಕಡಿಮೆ ಸಂಬಳದವರ ಕೈ ತಿಂಗಳ ಮಧ್ಯದಲ್ಲೇ ಬರಿದಾಗುತ್ತದೆ. ಉಳಿದದ್ದು ಅವರವರ ಖಾತೆಯಲ್ಲಿರಲಿ, ಅದಕ್ಕೆ ಯಾರೂ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಸಾಲ, ಜಾಮೀನು ಮಾತ್ರ ಇಬ್ಬರಿಗೂ ಗೊತ್ತಿರಲೇಬೇಕು. ಅವುಗಳಲ್ಲಿ ಒಬ್ಬರ ಸಹಿಗೆ ಇಬ್ಬರ ಸಂಸಾರ ಉತ್ತರ ಕೊಡಬೇಕಾಗುತ್ತದೆ.

ಮನೆ ಸಾಲವನ್ನು ಒಂದು ವರ್ಷ ಮುಂದೂಡಿದರೆ ಮುಳುಗುವುದೇನಿಲ್ಲ. ಶೇ. 9 ಬಡ್ಡಿಯಲ್ಲಿ 20 ವರ್ಷದ ಸಾಲ ಎಂದುಕೊಳ್ಳಿ. ಮೊದಲ ಕಂತಿನ ಪ್ರತಿ ನೂರರಲ್ಲಿ 83 ಬಡ್ಡಿಗೇ ಹೋಗುತ್ತದೆ. ಅಸಲು ಅರ್ಧಕ್ಕೆ ಇಳಿಯುವ ಹೊತ್ತಿಗೆ 14 ವರ್ಷ ಕಳೆದಿರುತ್ತದೆ. ಅಂಥ ಹೊರೆಯನ್ನು ಪಕ್ಕದವರು ಏನು ಹೊತ್ತಿದ್ದಾರೆಂದು ತಿಳಿಯದೆ ಹೊರಬಾರದು.

ಪ್ರಶ್ನೆ: ನಮ್ಮವರು ಕ್ರೆಡಿಟ್ ಕಾರ್ಡಿಗೆ ಪ್ರತಿ ತಿಂಗಳೂ ತಪ್ಪದೆ "ಕನಿಷ್ಠ ಮೊತ್ತ" ಕಟ್ಟುತ್ತಾರೆ. ಬಾಕಿ ಏನೂ ಇಲ್ಲ ಎನ್ನುತ್ತಾರೆ. ನಂಬಬಹುದೇ?
– ಒಬ್ಬ ಓದುಗಿ

ಉತ್ತರ: ಅವರನ್ನು ನಂಬಿ, ಅವರ ಲೆಕ್ಕವನ್ನು ನಂಬಬೇಡಿ. ಕನಿಷ್ಠ ಮೊತ್ತ ಕಟ್ಟಿದರೆ ತಡಪಾವತಿಯ ದಂಡ ತಪ್ಪುತ್ತದೆ, ಸಾಲ ತೀರುವುದಿಲ್ಲ. ತಿಂಗಳಿಗೆ ಶೇ. 3 ಬಡ್ಡಿ ಎಂದರೆ ಕಿವಿಗೆ ಹಗುರ. ಚಕ್ರಬಡ್ಡಿ ಹಾಕಿ ನೋಡಿದರೆ ವರ್ಷಕ್ಕೆ ಶೇ. 42ರ ಮೇಲೆ. ಕನಿಷ್ಠ ಮೊತ್ತ ಬಾಕಿಯ ಶೇ. 5 ಎಂದುಕೊಂಡರೆ ಅದರಲ್ಲಿ 3 ಬಡ್ಡಿಗೆ ಹೋಗಿ ಅಸಲಿಗೆ ಸೇರುವುದು 2. ಇನ್ನೊಮ್ಮೆ ಕಾರ್ಡ್ ಉಜ್ಜದೆ ಕುಳಿತರೂ ಬಾಕಿ ಅರ್ಧವಾಗಲು ಮೂರು ವರ್ಷ ಸಮೀಪಿಸುತ್ತದೆ. ಅವರು ಉಜ್ಜದೆ ಕುಳಿತಿರುವುದಿಲ್ಲ ಎಂಬುದು ನಿಮ್ಮ ಪತ್ರದ ಧಾಟಿಯಲ್ಲೇ ತಿಳಿಯುತ್ತದೆ. ಈ ತಿಂಗಳ ಸ್ಟೇಟ್‌ಮೆಂಟ್ ತೆರೆದು "ಒಟ್ಟು ಬಾಕಿ" ಎಂಬ ಸಾಲನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ಉಳಿತಾಯ ಖಾತೆಯಲ್ಲಿ ಹಣವಿದ್ದರೆ, ತುರ್ತು ಖರ್ಚಿಗೆ ಬೇಕಾದಷ್ಟನ್ನು ಬಿಟ್ಟು ಮಿಕ್ಕಿದ್ದರಿಂದ ಮೊದಲು ಇದನ್ನು ತೀರಿಸಿ. ಇಷ್ಟು ಬಡ್ಡಿ ಕೊಡುವ ಉಳಿತಾಯ ಎಲ್ಲೂ ಇಲ್ಲ.

ಪ್ರಶ್ನೆ: ಮದುವೆ ನಿಶ್ಚಯವಾಗಿದೆ. ಹುಡುಗನ ಸಾಲದ ವಿಚಾರ ಕೇಳಿದರೆ ಅನುಮಾನಪಟ್ಟಂತೆ ಆಗುವುದಿಲ್ಲವೇ?
– ಮದುಮಗಳು

ಉತ್ತರ: ನಿಮ್ಮದನ್ನು ಮೊದಲು ಹೇಳಿ ಆಮೇಲೆ ಕೇಳಿದರೆ ಆಗುವುದಿಲ್ಲ. ಓದಿಗೆ ಮಾಡಿದ ಸಾಲ, ಗೆಳತಿಯಿಂದ ಪಡೆದ ಕೈಸಾಲ, ಮದುವೆಯ ನಂತರವೂ ತವರಿಗೆ ಕಳುಹಿಸಬೇಕೆಂದಿರುವ ಹಣ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಅವರೂ ಬರೆಯಲಿ. ಬರೆದು ಮುಗಿಸಿದ ಮೇಲೆ, "ಯಾರಿಗಾದರೂ ಜಾಮೀನು ಹಾಕಿದ್ದೀರಾ?" ಎಂದು ಬೇರೆಯಾಗಿ ಕೇಳಿ. ಅದನ್ನು ಯಾರೂ ಸಾಲವೆಂದು ಬರೆದಿರುವುದಿಲ್ಲ.