ಒದ್ದೆ ಗೋಡೆಯ ಮಲಗುವ ಕೋಣೆಯನ್ನು ಗಂಡ ಹೆಂಡತಿ ಇಬ್ಬರೇ ಸರಿಮಾಡಿಕೊಳ್ಳಬಹುದೇ?

ಸಾಗರದ ಹತ್ತಿರದ ನಿಮ್ಮ ಹಳೆಯ ಹೆಂಚಿನ ಮನೆಯಲ್ಲಿ ಮಲಗುವ ಕೋಣೆಯ ಬಣ್ಣ ಪ್ರತಿ ವರ್ಷ ಉದುರುತ್ತದೆ, ಭಾನುವಾರಗಳಲ್ಲಿ ನಾವಿಬ್ಬರೇ ಕೆಲಸ ಮಾಡಿದರೆ ಮಳೆಗಾಲದೊಳಗೆ ಮುಗಿಯುತ್ತದೆಯೇ ಎಂದು ಕೇಳಿದ್ದೀರಿ. ಇಬ್ಬರೇ ಮಾಡಿಕೊಳ್ಳಬಹುದು. ಆದರೆ ಒಂದೇ ಬೇಸಿಗೆಯಲ್ಲಿ ಮುಗಿಸುತ್ತೇವೆ ಎಂದು ಹಟ ಹಿಡಿಯಬೇಡಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದೇ ಒಂದು ಕೋಣೆಗೆ ಎರಡು ಬೇಸಿಗೆ ಹಿಡಿಯಿತು. ಮೊದಲನೆಯದು ನಮ್ಮ ಅವಸರದಿಂದಲೇ ವ್ಯರ್ಥವಾಯಿತು.

ಆಗ ನಾವು ಹಳೆಯ ಬಣ್ಣ ಕೆರೆದು, ಪುಟ್ಟಿ ತುಂಬಿ, ತೊಳೆಯಬಹುದಾದ ಪ್ಲಾಸ್ಟಿಕ್ ಬಣ್ಣ ಬಳಿದೆವು. ಮೇ ತಿಂಗಳಲ್ಲಿ ಕೋಣೆ ಕಣ್ಣು ತುಂಬುವಂತಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಪಡುವಣ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿತು. ಕಪಾಟಿನ ಹಿಂದೆ ಬೂಷ್ಟು ಹಿಡಿದು, ನನ್ನ ಮದುವೆಯ ಸೀರೆಗೂ ಕಲೆ ಬಿತ್ತು. ಅಂದು ನಾನು ಅತ್ತಿದ್ದೆ. ಬಣ್ಣ ಕಳಪೆ ಎಂದು ನನ್ನವರು, ನೆಲದ ತೇವ ಏರುತ್ತಿದೆ ಎಂದು ನಾನು. ಮಾವನವರು ಬಂದು ಗೋಡೆಯನ್ನು ನೋಡಲೇ ಇಲ್ಲ. ಹೊರಗೆ ಹೋಗಿ ತಲೆ ಎತ್ತಿ, "ಮೊದಲು ಸೂರು ನೋಡಿ" ಎಂದರು. ಮಂಗಗಳು ಓಡಾಡಿ ಎರಡು ಹೆಂಚು ಸರಿದಿದ್ದವು, ಒಂದು ಸೀಳಿತ್ತು. ನೀರು ಹೆಂಚು ಹೊರುವ ಮರದ ಪಕಾಸಿನ ತುದಿ ಹಿಡಿದು ನೇರವಾಗಿ ಗೋಡೆಯ ತಲೆಗೆ ಇಳಿಯುತ್ತಿತ್ತು.

ಅದು ಅರ್ಧ ಕಾರಣ. ಉಳಿದರ್ಧ ಗೋಡೆಯಲ್ಲೇ ಇತ್ತು. ನಮ್ಮದು ಜಂಬಿಟ್ಟಿಗೆಯ ಗೋಡೆ. ರಂಧ್ರಗಳಿರುವ ಈ ಕಲ್ಲು ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ಬಿಡುತ್ತದೆ. ಹಿಂದಿನವರು ಸುಣ್ಣದ ಗಾರೆ ಮಾಡುತ್ತಿದ್ದುದರಿಂದ ತೇವ ಸುಲಭವಾಗಿ ಹೊರಗೆ ಹೋಗುತ್ತಿತ್ತು. ಮಧ್ಯೆ ಯಾವಾಗಲೋ ಅದರ ಮೇಲೆ ಸಿಮೆಂಟ್ ಗಾರೆ ಬಂದಿದೆ, ಅದರ ಮೇಲೆ ನಮ್ಮ ಪ್ಲಾಸ್ಟಿಕ್ ಬಣ್ಣ. ಒಳಗೆ ಹೋದ ನೀರಿಗೆ ದಾರಿಯೇ ಇಲ್ಲ. ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಕಡೆ ಗಾರೆ ಕಲ್ಲನ್ನು ಬಿಟ್ಟಿದೆ ಎಂದೇ ಅರ್ಥ.

ಎರಡನೆಯ ಸಲ ದೀಪಾವಳಿ ಕಳೆದ ಕೂಡಲೇ ಶುರುಮಾಡಿದೆವು. ಮೊದಲು ಮಾಡಿನ ಕೆಲಸ. ಇಳಿಸಿದ ಹೆಂಚುಗಳಲ್ಲಿ ಕೆಲವದರ ಬೆನ್ನ ಮೇಲೆ ಬಾಸೆಲ್ ಮಿಷನ್ ಹೆಸರು, 1865 ಎಂಬ ಅಂಕಿ. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ. ಆದರೂ ಪಾಚಿ ಉಜ್ಜಿ ತೊಳೆದು ಅವನ್ನೇ ಮತ್ತೆ ಹೊದಿಸಿದಾಗ ತುಂಬ ಸಮಾಧಾನವಾಯಿತು. ಆಮೇಲೆ ಉಳಿ, ಸುತ್ತಿಗೆ ಹಿಡಿದು ಪಡುವಣ ಗೋಡೆಯ ಸಿಮೆಂಟ್ ಪೂರಾ ಕಿತ್ತೆವು. ಐದು ಭಾನುವಾರ ಹಿಡಿಯಿತು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಬೇಕೇ ಬೇಕು.

ನಂತರದ ಎರಡೂವರೆ ತಿಂಗಳು ನಾವು ಏನೂ ಮಾಡಲಿಲ್ಲ. ಬೋಳು ಗೋಡೆಯನ್ನು ಒಣಗಲು ಬಿಟ್ಟು ಜಗಲಿಯಲ್ಲಿ ಮಲಗಿದೆವು. ಬಂದವರೆಲ್ಲ ಇನ್ನೂ ಮುಗಿದಿಲ್ಲವೇ ಎಂದು ಕೇಳುತ್ತಾರೆ, ಕೇಳಲಿ. ಒಣಗಿದೆಯೇ ಎಂದು ತಿಳಿಯಲು ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು.

ಗಾರೆಗೆ ವಾರಗಟ್ಟಲೆ ನೀರಿನಲ್ಲಿ ನೆನೆದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು ಹಾಕಿದೆವು. ಕೊಳೆ ರೋಗಕ್ಕೆ ಸುಣ್ಣ, ಮೈಲುತುತ್ತ ಬೆರೆಸಿ ಬೋರ್ಡೋ ದ್ರಾವಣ ಮಾಡುವ ಅಡಿಕೆ ಬೆಳೆಗಾರರಿಗೆ ಸುಣ್ಣ ಹೊಸದಲ್ಲ, ಆದರೂ ಕೈಗವಸು ಮರೆಯಬೇಡಿ. ಕಣ್ಣಿಗೆ ಹಾರಿದರೆ ತುಂಬ ಹೊತ್ತು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರ ಬಳಿ ಹೋಗಿ. ಅರ್ಧ ಇಂಚಿಗಿಂತ ದಪ್ಪ ಮೆತ್ತಬೇಡಿ. ದಪ್ಪ ಬೇಕಿದ್ದರೆ ಎರಡು ಪದರ ಮಾಡಿ, ನಡುವೆ ಕೆಲವು ದಿನ ಬಿಡಿ, ನೀರು ಚಿಮುಕಿಸುತ್ತಿರಿ. ನಮ್ಮ ಕೈ ಪಳಗಿದ್ದು ಕಪಾಟು ಮರೆಮಾಡುವ ಮೂಲೆಯಲ್ಲಿ. ಅಲ್ಲಿ ಮೂರು ಸಲ ಬಿರುಕು ಬಿಟ್ಟು, ಮೂರು ಸಲ ಕಿತ್ತು ಮೆತ್ತಿದೆವು. ಕೊನೆಗೆ ಚೂರು ನೀಲಿ ಬೆರೆಸಿದ ತೆಳು ಸುಣ್ಣ, ಮೂರು ಸಲ. ನನ್ನವರಿಗೆ ಅಂಗಡಿಯ ಬಣ್ಣವೇ ಬೇಕಿತ್ತು. ಈಗ ಅವರೇ ನೆಂಟರಿಗೆ ಈ ಗೋಡೆ ತೋರಿಸುತ್ತಾರೆ.

ವಿದ್ಯುತ್ ತಂತಿಯ ಕೆಲಸವನ್ನು ಮಾತ್ರ ನಾವು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಕಾವಿ ನೆಲದ ಬಿರುಕು ಹಾಗೆಯೇ ಇದೆ, ನನಗೆ ಅದು ಇಷ್ಟ. ಬಾಗಿಲನ್ನು ಬೇಸಿಗೆಯಲ್ಲೇ ಕೀಸಿ. ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯಾಯಿತೆಂದು ಆಗ ಕೀಸಿದರೆ ಶಿವರಾತ್ರಿಯ ಹೊತ್ತಿಗೆ ಬೆರಳು ತೂರುವಷ್ಟು ಸಂದು ಬೀಳುತ್ತದೆ.

ಕಳೆದ ಮಳೆಗಾಲದಲ್ಲಿ ಎರಚಲು ಹೊಡೆದ ದಿನಗಳಲ್ಲಿ ಗೋಡೆಯ ಬಣ್ಣ ಸ್ವಲ್ಪ ಕಂದಿತು, ಬಿಸಿಲು ಬಿದ್ದ ಮೇಲೆ ಮತ್ತೆ ಬೆಳ್ಳಗಾಯಿತು. ಬೂಷ್ಟು ಬರಲಿಲ್ಲ. ಮಂಚವನ್ನೂ ಕಪಾಟನ್ನೂ ಗೋಡೆಯಿಂದ ಗೇಣು ದೂರ ಇಟ್ಟಿದ್ದೇವೆ. ನಿಮ್ಮ ಕೋಣೆಯ ಯಾವ ದಿಕ್ಕಿನ ಗೋಡೆ ಒದ್ದೆ, ತೇವ ಮೇಲಿನಿಂದ ಇಳಿಯುತ್ತದೆಯೋ ಬುಡದಿಂದ ಏರುತ್ತದೆಯೋ ಬರೆಯಿರಿ. ಮೇಲಿನಿಂದಾದರೆ ನಾಳೆಯೇ ಏಣಿ ಹಾಕಿ ಸೂರು ನೋಡಿ.