ಅಜ್ಜನ ತಲೆ ನೋಡಿ ಭವಿಷ್ಯ ಹೇಳಬೇಡಿ

ಪ್ರಶ್ನೆ: ತಾಯಿಯ ತಂದೆಗೆ 80ರಲ್ಲೂ ತಲೆ ತುಂಬ ಕೂದಲು. ನನಗೆ 26ಕ್ಕೇ ನೆತ್ತಿ ಕಾಣುತ್ತಿದೆ. ಕೂದಲು ಬೆಳೆಸುವ ಔಷಧ ಮಿನಾಕ್ಸಿಡಿಲ್ ಹಚ್ಚಿದ ಮೂರನೇ ವಾರ ಇನ್ನೂ ಜಾಸ್ತಿ ಉದುರಿತು, ಬಿಟ್ಟುಬಿಟ್ಟೆ. ಜೀನ್ ಪರೀಕ್ಷೆ ಮಾಡಿಸಲೇ?

ಉತ್ತರ: ಬೇಡ. ಬೋಳುತಲೆ ತಾಯಿಯ ತಂದೆಯಿಂದಲೇ ಬರುತ್ತದೆ ಎನ್ನುವ ಈ ಅಜ್ಜನ ಲೆಕ್ಕ ಕೇಳಿ ಕೇಳಿ ಸಾಕಾಗಿದೆ. ಬೋಳುತಲೆಗೆ ಸಂಬಂಧಿಸಿದ ಆಂಡ್ರೊಜನ್ (ಗಂಡು ಹಾರ್ಮೋನು) ಗ್ರಾಹಕದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಬರುತ್ತದೆ, ಅಷ್ಟು ನಿಜ. ಆದರೆ ತಾಯಿಗೆ ಎರಡು ಎಕ್ಸ್. ನಿಮ್ಮ ಪಾಲಿಗೆ ಬಂದದ್ದು ಅಜ್ಜಿಯ ಕಡೆಯದೂ ಇರಬಹುದು. ಇದರ ಜೊತೆಗೆ, 20ನೇ ಕ್ರೋಮೋಸೋಮ್ ಸೇರಿ ನೂರಾರು ಜಾಗಗಳ ಸಣ್ಣಪುಟ್ಟ ಪ್ರಭಾವವಿದೆ. ಅವು ಅಪ್ಪನಿಂದಲೂ ಬರುತ್ತವೆ. ವರದಿ ಏನೇ ಹೇಳಲಿ, ಚಿಕಿತ್ಸೆ ಬದಲಾಗುವುದಿಲ್ಲ.

ಇನ್ನು ಮಿನಾಕ್ಸಿಡಿಲ್. ಬಿಡಬಾರದ ಹೊತ್ತಿಗೆ ಬಿಟ್ಟಿದ್ದೀರಿ. ಉದುರಿದ್ದು ಹೇಗೂ ಉದುರಲಿದ್ದ, ಬೆಳವಣಿಗೆ ನಿಂತ ಕೂದಲು. ಬುಡದಲ್ಲಿ ಹೊಸದು ಶುರುವಾದಾಗ ಹಳೆಯದು ಜಾಗ ಬಿಡುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ. 5% ದ್ರಾವಣ, ಒಂದು ಸಲಕ್ಕೆ 1 ಎಂಎಲ್, ದಿನಕ್ಕೆ ಎರಡು ಸಲ. ತಲೆ ಒಣಗಿರಲಿ, ಬೈತಲೆ ತೆಗೆದು ಚರ್ಮಕ್ಕೆ ಹಚ್ಚಿ, ಕೂದಲಿಗಲ್ಲ. ನಾಲ್ಕು ಗಂಟೆ ತೊಳೆಯಬೇಡಿ. ಮಲಗುವ ಹೊತ್ತಿಗೇ ಹಚ್ಚಿದರೆ ದಿಂಬಿಗೆ ಅಂಟಿ ಮುಖಕ್ಕೆ ತಾಗುತ್ತದೆ, ಕೆನ್ನೆಯಲ್ಲಿ ಕೂದಲು ಬರಬಹುದು. ತುರಿಕೆ ಬಂದರೆ ಹೆಚ್ಚಾಗಿ ಕಾರಣ ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ; ಅದಿಲ್ಲದ ನೊರೆ ರೂಪದ್ದಕ್ಕೆ ಬದಲಿಸಿ. ಎರಡರಷ್ಟು ಸುರಿದರೆ ಎರಡರಷ್ಟು ಬೆಳೆಯುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ನೆಕ್ಕಲು ಬಿಡಬೇಡಿ, ಅದಕ್ಕೆ ಇದು ವಿಷ. ನಾಲ್ಕು ತಿಂಗಳಾಗುವ ಮೊದಲು ತೀರ್ಮಾನಕ್ಕೆ ಬರಬೇಡಿ. ಒಂದೇ ಬೆಳಕಿನಲ್ಲಿ ಸುಳಿಯ ಫೋಟೊ ತೆಗೆದಿಡಿ, ಕನ್ನಡಿಯನ್ನು ನಂಬಬೇಡಿ. ಫಲ ಸಿಕ್ಕಿದ ಮೇಲೆ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ.

ಕೂದಲ ಬುಡವನ್ನು ಸೊರಗಿಸುವ ಗಂಡು ಹಾರ್ಮೋನಾದ ಡಿಎಚ್‌ಟಿಯನ್ನೇ ತಗ್ಗಿಸುವುದು ಫಿನಾಸ್ಟರೈಡ್ ಮಾತ್ರೆ, ದಿನಕ್ಕೆ 1 ಮಿಗ್ರಾಂ. ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ. ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತದೆ, ಮನಸ್ಸು ಮಂಕಾಗುತ್ತದೆ. ಹಾಗಾದರೆ ಮುಚ್ಚಿಡದೆ ಹೇಳಿ. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ರಕ್ತದಲ್ಲಿ ನೋಡುವ ಪಿಎಸ್‌ಎ ಅಂಕಿಯನ್ನು ಇದು ಸುಮಾರು ಅರ್ಧಕ್ಕಿಳಿಸುತ್ತದೆ, ಪರೀಕ್ಷೆಗೆ ಮೊದಲು ತಿಳಿಸಲೇಬೇಕು. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು.

ತಲೆ ಬೋಳಿಸಿದರೆ ದಪ್ಪ ಕೂದಲು ಬರುತ್ತದೆಯೇ? — ಇಲ್ಲ.

ಬಯೋಟಿನ್ (ಬಿ ಗುಂಪಿನ ವಿಟಮಿನ್)? — ಕೊರತೆಯಿಲ್ಲದವರಿಗೆ ವ್ಯರ್ಥ. ಥೈರಾಯ್ಡ್ ಪರೀಕ್ಷೆಯನ್ನೂ ಕೆಡಿಸುತ್ತದೆ.

‘ಗುಪ್ತ ಗಿಡಮೂಲಿಕೆ ಎಣ್ಣೆ’? — ಒಳಗೇನಿದೆ ಎಂದು ಬಾಯಿಬಿಡದವನ ಸೀಸೆ ಅವನ ಹತ್ತಿರವೇ ಇರಲಿ.

ಕೂದಲು ಕಸಿ ಮಾಡಿಸಿದರೆ ಔಷಧ ಬಿಡಬಹುದೇ? — ಹಿಂದಲೆಯಿಂದ ತಂದು ನೆಟ್ಟದ್ದು ಉಳಿಯುತ್ತದೆ, ಅಕ್ಕಪಕ್ಕದ ಹಳೆಯದು ಉದುರುತ್ತಲೇ ಇರುತ್ತದೆ. 26ಕ್ಕೇ ಹಣೆಯ ಗೆರೆ ತುಂಬಿಸಿಕೊಂಡು ಔಷಧ ಬಿಟ್ಟರೆ, ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಬಯಲು.